ಸೊನ್ನೆ ಮತ್ತು ಒಂದರ ಮೇಷ್ಟ್ರು: ಜಾರ್ಜ್ ಬೂಲ್

ಜಾರ್ಜ್ ಬೂಲ್ ಅವರು 1815ರ ನವೆಂಬರ್ 2ರಂದು ಇಂಗ್ಲೆಂಡಿನ ಲಿಂಕನ್ ಎಂಬ ಊರಿನಲ್ಲಿ ಜನಿಸಿದರು. ತಂದೆಯದು ಬೂಟು ಹೊಲಿಯುವ ಕಸುಬು. ಆದರೆ ಅವರಿಗೆ ಅಂಗಡಿಗಿಂತ ದೂರದರ್ಶಕ ತಯಾರಿಸೋದರಲ್ಲೇ ಆಸಕ್ತಿ ಹೆಚ್ಚು. ವ್ಯಾಪಾರ ಬಿದ್ದುಹೋಯಿತು. ಮನೆಯ ಭಾರ ಹಿರಿಮಗನ ಹೆಗಲಿಗೆ ಬಂತು. ಬೂಲ್ 16ನೇ ವಯಸ್ಸಿಗೇ ಮೇಷ್ಟ್ರಾದರು. 19ಕ್ಕೆ ಸ್ವಂತ ಶಾಲೆ ತೆರೆದರು.

ಅವರು ಕಾಲೇಜಿನಲ್ಲಿ ಓದಲೇ ಇಲ್ಲ. ಪಾಠ ಹೇಳಿ ಉಳಿದ ಹೊತ್ತಿನಲ್ಲಿ ಫ್ರೆಂಚ್ ಗಣಿತ ಗ್ರಂಥಗಳನ್ನು ತಾವೇ ಓದಿ ಕಲಿತರು. 1844ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಪದಕ ಕೊಟ್ಟಿತು. 1849ರಲ್ಲಿ ಡಿಗ್ರಿ ಇಲ್ಲದ ಇವರನ್ನು ಐರ್ಲೆಂಡಿನ ಕಾರ್ಕ್ ನಗರದ ಕ್ವೀನ್ಸ್ ಕಾಲೇಜು ಗಣಿತದ ಪ್ರೊಫೆಸರ್ ಆಗಿ ನೇಮಿಸಿತು. 1855ರಲ್ಲಿ ಮೇರಿ ಎವರೆಸ್ಟ್ ಅವರನ್ನು ಮದುವೆಯಾದರು. ಎವರೆಸ್ಟ್ ಶಿಖರಕ್ಕೆ ಯಾರ ಹೆಸರಿಟ್ಟಿದ್ದಾರೋ ಆ ಜಾರ್ಜ್ ಎವರೆಸ್ಟ್ ಈಕೆಯ ದೊಡ್ಡಪ್ಪ.

ಮನುಷ್ಯನ ಯೋಚನೆಯನ್ನೂ ಬೀಜಗಣಿತದಲ್ಲಿ ಬರೆಯಬಹುದು ಅಂತ ಬೂಲ್ 1854ರ ತಮ್ಮ ಗ್ರಂಥದಲ್ಲಿ ತೋರಿಸಿದರು. ನಿಜವಾದರೆ 1, ಸುಳ್ಳಾದರೆ 0. ಎರಡು ಮಾತೂ ನಿಜವಾಗಬೇಕೆಂದರೆ ಗುಣಿಸಬೇಕು. ಇಲ್ಲ ಅನ್ನೋದಕ್ಕೆ 1ರಿಂದ ಕಳೆಯಬೇಕು. ಅಷ್ಟೇ!

1864ರ ನವೆಂಬರಿನಲ್ಲಿ ಒಂದು ದಿನ ಜೋರು ಮಳೆ. ಬೂಲ್ ಸುಮಾರು 3 ಮೈಲಿ ನಡೆದು ಕಾಲೇಜಿಗೆ ಹೋಗಿ, ಒದ್ದೆ ಬಟ್ಟೆಯಲ್ಲೇ ಪಾಠ ಮಾಡಿದರು. ನ್ಯುಮೋನಿಯ ಆಯಿತು. ಡಿಸೆಂಬರ್ 8ರಂದು ತೀರಿಕೊಂಡರು. ಆಗ ಅವರಿಗೆ 49 ವರ್ಷ. ಐವರು ಹೆಣ್ಣುಮಕ್ಕಳಲ್ಲಿ ಕಿರಿಯವಳು ಇನ್ನೂ ಕೈಗೂಸು.

ಅವರ ಲೆಕ್ಕ ಮಾತ್ರ ಸಾಯಲಿಲ್ಲ. ಕಂಪ್ಯೂಟರ್ ನಡೆಯೋದು ಅದರ ಮೇಲೆಯೇ. ಜೀವಕೋಶದ ಒಳಗಿನ ಜೀನ್‌ಗಳು ಒಂದನ್ನೊಂದು ಚಾಲೂ ಮಾಡುತ್ತವೆ, ನಿಲ್ಲಿಸುತ್ತವೆ. ಇದೊಂದು ದೊಡ್ಡ ಬಲೆ. 1969ರಲ್ಲಿ ಅಮೆರಿಕದ ಸ್ಟೂಅರ್ಟ್ ಕಾಫ್‌ಮನ್ ಆ ಬಲೆಯನ್ನು ಬೂಲ್ ಅವರ 0 ಮತ್ತು 1ರಲ್ಲಿ ಬರೆದರು.

ಒಂದು ಉದಾಹರಣೆ ನೋಡೋಣ. ನಮ್ಮ ಕರುಳಿನಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯ ಇದೆ. ಹಾಲಿನ ಸಕ್ಕರೆ ಇದ್ದು, ಗ್ಲೂಕೋಸ್ ಇಲ್ಲದಿದ್ದಾಗ ಮಾತ್ರ ಹಾಲಿನ ಸಕ್ಕರೆ ಒಡೆಯುವ ಅದರ ಜೀನ್ ಚೆನ್ನಾಗಿ ಕೆಲಸ ಮಾಡುತ್ತೆ. ಹಾಲಿನ ಸಕ್ಕರೆಗೆ ಹ, ಗ್ಲೂಕೋಸಿಗೆ ಗ ಅಂತ ಇಟ್ಟುಕೊಳ್ಳಿ. ಆಗ ಸೂತ್ರ:

ಹ × (1 – ಗ)

ಹ = 1, ಗ = 0 ಹಾಕಿದರೆ ಉತ್ತರ 1, ಅಂದರೆ ಜೀನ್ ಚಾಲೂ. ಗೆಳೆಯರೇ, ಎರಡೂ ಸಕ್ಕರೆ ಇದ್ದರೆ ಏನಾಗುತ್ತೆ? ಬೂಲ್ ಮೇಷ್ಟ್ರ ಲೆಕ್ಕವನ್ನು ನೀವೇ ಮಾಡಿ ನೋಡಿ.