ಆರ್ಸನ್ ವೆಲ್ಸ್ ಮತ್ತು ಬಟಾಣಿಯ ಜಾಹೀರಾತು

ಚಲನಚಿತ್ರದ ಚರಿತ್ರೆಯನ್ನು ಬರೆಯಹೊರಟ ಯಾರೂ ಆರ್ಸನ್ ವೆಲ್ಸ್‌ನನ್ನು ಬದಿಗಿರಿಸಿ ಮುಂದೆ ಸಾಗಲಾರರು. ಇಪ್ಪತ್ತಾರು ತುಂಬುವ ಹೊತ್ತಿಗೆ ‘ಸಿಟಿಜನ್ ಕೇನ್’ ಚಿತ್ರವನ್ನು ಲೋಕದ ಮುಂದಿಟ್ಟ ಪ್ರತಿಭೆ ಅದು. ಆದರೆ ಧ್ವನಿಯನ್ನೇ ಕಸುಬಾಗಿಸಿಕೊಂಡವರ ನಡುವೆ ಆತನ ಹೆಸರೆತ್ತಿ ನೋಡಿ. ಮೊದಲು ಬರುವುದು ಬಟಾಣಿಯ ಮಾತು.

1970ರ ಆಸುಪಾಸಿನಲ್ಲಿ ಫಿಂಡಸ್ ಎಂಬ ಕಂಪೆನಿಯ ಶೈತ್ಯೀಕರಿಸಿದ ಆಹಾರಗಳ ಬ್ರಿಟಿಷ್ ಟೆಲಿವಿಷನ್ ಜಾಹೀರಾತುಗಳಿಗೆ ವೆಲ್ಸ್ ಹಿನ್ನೆಲೆ ಧ್ವನಿ ನೀಡಿದ. ಅಂದು ಮಾತಿನ ನಡುವಿನ ಜಗಳವೂ ಟೇಪಿನಲ್ಲಿ ದಾಖಲಾಯಿತು. ಕೆಲವೇ ನಿಮಿಷಗಳ ಆ ಧ್ವನಿಮುದ್ರಿಕೆ ಕೈಯಿಂದ ಕೈಗೆ ದಾಟಿ ಜಗತ್ತನ್ನೇ ಸುತ್ತಿತು. ಕೇಳಿದವರೆಲ್ಲ ನಕ್ಕರು. ಬಾನುಲಿಗೆ ಜಾಹೀರಾತು ಬರೆಯುವ ಕೆಲಸದಲ್ಲಿ ಕೆಲಕಾಲ ತೊಡಗಿದ್ದ ನನಗೆ ಅದು ಬರಿಯ ನಗೆಯ ಸರಕಾಗಿ ಉಳಿದಿಲ್ಲ. ಒಬ್ಬರ ಕೆಲಸವನ್ನು ಇನ್ನೊಬ್ಬರು ತಿದ್ದುವುದೆಂದರೇನು, ಯಾರ ತಿದ್ದುಪಡಿಗೆ ಕಿವಿಗೊಡಬೇಕು ಎಂಬ ಪ್ರಶ್ನೆ ಆ ಜಗಳದ ಒಳಗಿದೆ. ವೆಲ್ಸ್‌ನ ಬದುಕಿನುದ್ದಕ್ಕೂ ಇರುವುದು ಅದೇ ಪ್ರಶ್ನೆ.

ಆತ ಹುಟ್ಟಿದ್ದು 1915ರ ಮೇ 6ರಂದು, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕೆನೋಶಾದಲ್ಲಿ. ಪಿಯಾನೋ ವಾದಕಿಯಾಗಿದ್ದ ತಾಯಿ ಆತನಿಗೆ ಒಂಬತ್ತು ತುಂಬಿದ ಕೆಲವೇ ದಿನಗಳಲ್ಲಿ ತೀರಿಕೊಂಡಳು. ಹದಿನೈದರ ಪ್ರಾಯದಲ್ಲಿ ತಂದೆಯೂ ಇಲ್ಲವಾದ. ಹದಿನಾರರ ಹುಡುಗ ಐರ್ಲೆಂಡಿಗೆ ಹೋಗಿ ಡಬ್ಲಿನ್ನಿನ ಗೇಟ್ ಥಿಯೇಟರಿನಲ್ಲಿ ವೃತ್ತಿಪರ ನಟನಾದ. ಮರಳಿ ಬಂದ ಮೇಲೆ ನ್ಯೂಯಾರ್ಕಿನ ಬಾನುಲಿ ಆತನನ್ನು ಸೆಳೆದುಕೊಂಡಿತು. ಆಳವಾದ, ತುಂಬುಗಂಭೀರ ಕಂಠ. ವಯಸ್ಸನ್ನು ಮರೆಸುವ ಉಚ್ಚಾರ. 1937ರಲ್ಲಿ ‘ದಿ ಶ್ಯಾಡೋ’ ಧಾರಾವಾಹಿಯ ನಾಯಕನ ದನಿಯಾಗಿ ಮನೆಮನೆಗೂ ತಲುಪಿದ. ಅದೇ ವರ್ಷ ಜಾನ್ ಹೌಸ್‌ಮನ್ ಜೊತೆಗೂಡಿ ಮರ್ಕ್ಯುರಿ ಥಿಯೇಟರ್ ಕಟ್ಟಿದ. 1938ರ ಜುಲೈನಲ್ಲಿ ಆ ತಂಡದ ನಾಟಕಗಳು ಸಿಬಿಎಸ್ ಬಾನುಲಿಯಲ್ಲಿ ಆರಂಭವಾದವು. ಪ್ರಾಯೋಜಕರಿಲ್ಲ, ಜಾಹೀರಾತಿಲ್ಲ, ಕೇಳುಗರೂ ಹೆಚ್ಚಿರಲಿಲ್ಲ.

ಆ ವರ್ಷದ ಅಕ್ಟೋಬರ್ 30ರಂದು ಪ್ರಸಾರವಾದದ್ದೇ ‘ದಿ ವಾರ್ ಆಫ್ ದಿ ವರ್ಲ್ಡ್ಸ್’. ಎಚ್.ಜಿ. ವೆಲ್ಸ್ 1898ರಲ್ಲಿ ಪ್ರಕಟಿಸಿದ ಕಾದಂಬರಿಯ ರೂಪಾಂತರ. ಮಂಗಳ ಗ್ರಹದವರು ಅಮೆರಿಕದ ಮೇಲೆ ದಾಳಿ ಮಾಡಿದ್ದಾರೆಂದು ನಂಬಿ ಜನ ಗಾಬರಿಗೊಂಡ ಕಥೆ ಎಲ್ಲರಿಗೂ ಗೊತ್ತು. ಆ ಗಾಬರಿಯನ್ನು ಅಂದಿನ ಪತ್ರಿಕೆಗಳು ಬಹಳವಾಗಿ ಹಿಗ್ಗಿಸಿದ್ದವೆಂದು ಅನಂತರದ ಸಂಶೋಧಕರು ತೋರಿಸಿದ್ದಾರೆ. ನನ್ನ ಕುತೂಹಲ ಪ್ರಸಾರದ ಹಿಂದಿನ ವಾರದ ಮೇಲಿದೆ.

ಹೊವರ್ಡ್ ಕಾಕ್ ತರಾತುರಿಯಲ್ಲಿ ಬರೆದ ನಾಟಕದ ತಾಲೀಮನ್ನು ಗುರುವಾರ ಧ್ವನಿಮುದ್ರಿಸಿ ಕೇಳಿದಾಗ ತಂಡಕ್ಕೆ ಅದು ಸಪ್ಪೆಯೆನಿಸಿತು. ಅಲ್ಲಿಂದ ತಿದ್ದುವ ಕೆಲಸ ಶುರುವಾಯಿತು. ಸುದ್ದಿಪ್ರಸಾರದ ಧಾಟಿಯನ್ನು ಗಟ್ಟಿಗೊಳಿಸಿದರು, ಪ್ರತ್ಯಕ್ಷ ವರದಿಯ ಭಾಗಗಳಿಗೆ ಜೀವ ತುಂಬಿದರು. ವರದಿಗಾರನ ಪಾತ್ರ ವಹಿಸಿದ್ದ ಫ್ರಾಂಕ್ ರೀಡಿಕ್, 1937ರಲ್ಲಿ ಹಿಂಡೆನ್‌ಬರ್ಗ್ ವಾಯುನೌಕೆ ಹೊತ್ತಿ ಉರಿದಾಗಿನ ವರದಿಯ ಧ್ವನಿಮುದ್ರಿಕೆಯನ್ನು ಮತ್ತೆ ಮತ್ತೆ ಕೇಳಿ ನಡುಗುವ ದನಿಯನ್ನು ಅಭ್ಯಾಸ ಮಾಡಿದ. ಸಿಬಿಎಸ್‌ನವರು ನಿಜವಾದ ಹೆಸರುಗಳು ಬೇಡವೆಂದರು. ಲ್ಯಾಂಗ್ಲಿ ವಿಮಾನನೆಲೆ ಲ್ಯಾಂಗಮ್ ಆಯಿತು, ಬಿಲ್ಟ್‌ಮೋರ್ ಹೋಟೆಲು ಪಾರ್ಕ್ ಪ್ಲಾಜಾ ಆಯಿತು. ಆ ಕಡಿವಾಣದ ನಡುವೆಯೂ ನಾಟಕ ಸತ್ಯದಂತೆಯೇ ಕೇಳಿಸಿತು. ಒಂದು ಸಪ್ಪೆ ಹಸ್ತಪ್ರತಿಯನ್ನು ಮೂರು ದಿನಗಳಲ್ಲಿ ಚರಿತ್ರೆಯಾಗಿಸಿದ್ದು ಒಬ್ಬನ ಪ್ರತಿಭೆಯಷ್ಟೇ ಅಲ್ಲ. ಸಹೋದ್ಯೋಗಿಗಳು ಪರಸ್ಪರ ಮುಲಾಜಿಲ್ಲದೆ ಆಡಿದ ಮಾತೂ ಅದಕ್ಕೆ ಕಾರಣ.

ಕಿವಿಗಾಗಿ ಬರೆಯುವವರಿಗೆ ಇದರ ಬೆಲೆ ತಿಳಿದಿರುತ್ತದೆ. ಮೂವತ್ತು ಸೆಕೆಂಡಿನ ಬಾನುಲಿ ಜಾಹೀರಾತನ್ನು ಬರೆದವನು ತಾನೇ ಅದನ್ನು ಸರಿಯಾಗಿ ಕೇಳಿಸಿಕೊಳ್ಳಲಾರ. ವಾಕ್ಯದ ಅರ್ಥ ಅವನಿಗೆ ಮೊದಲೇ ಗೊತ್ತಿರುವುದರಿಂದ ಎಲ್ಲಿ ನಾಲಗೆ ತೊಡರುತ್ತದೆ, ಎಲ್ಲಿ ಕೇಳುಗನ ಗಮನ ಜಾರುತ್ತದೆ ಎಂಬುದು ಅವನಿಗೆ ಕಾಣದು. ಓದುಗನಾದರೆ ಹಿಂದಿನ ಸಾಲಿಗೆ ಮರಳಬಹುದು. ಕೇಳುಗನಿಗೆ ಆ ಸೌಲಭ್ಯವಿಲ್ಲ. ಆದ್ದರಿಂದ ಅದೇ ಕಸುಬಿನ ಇನ್ನೊಂದು ಕಿವಿ ಬೇಕು.

ವೆಲ್ಸ್ ಈ ಋಣವನ್ನು ಸದಾ ಒಪ್ಪಿಕೊಂಡವನಲ್ಲ. 1940ರಲ್ಲಿ ಆ ಪ್ರಸಾರದ ಪರಿಣಾಮಗಳನ್ನು ಕುರಿತ ಅಧ್ಯಯನ ಗ್ರಂಥವೊಂದು ನಾಟಕದ ಕರ್ತೃ ಕಾಕ್ ಎಂದು ಹೇಳಿದಾಗ ಆತ ಬಲವಾಗಿ ಪ್ರತಿಭಟಿಸಿದ. ಅದೇ ವೆಲ್ಸ್ ಮರುವರ್ಷ ‘ಸಿಟಿಜನ್ ಕೇನ್’ ಚಿತ್ರದಲ್ಲಿ ನಿರ್ದೇಶಕನಾದ ತನ್ನ ಹೆಸರಿನೊಂದಿಗೆ ಒಂದೇ ಚೌಕಟ್ಟಿನಲ್ಲಿ ಛಾಯಾಗ್ರಾಹಕ ಗ್ರೆಗ್ ಟೋಲಂಡ್‌ನ ಹೆಸರನ್ನೂ ತೋರಿಸಿದ. ಔದಾರ್ಯವೂ ಅಹಂಕಾರವೂ ಒಂದೇ ಮನೆಯಲ್ಲಿದ್ದವು.

ಮಂಗಳ ಗ್ರಹದ ಗದ್ದಲದ ಬೆನ್ನಿಗೇ ಪ್ರಾಯೋಜಕರು ಬಂದಿದ್ದರು. 1938ರ ಡಿಸೆಂಬರಿನಿಂದ ಕಾರ್ಯಕ್ರಮಕ್ಕೆ ಕ್ಯಾಂಪ್‌ಬೆಲ್ ಸೂಪ್ ಕಂಪೆನಿಯ ಹೆಸರು ಅಂಟಿತು. ಯಾವ ಕಥೆ ಆರಿಸಬೇಕೆಂಬಲ್ಲಿಯೂ ಹಣ ಕೊಡುವವರ ಮಾತು ನುಸುಳಿತು. ಇದಕ್ಕಿಂತ ಕಠೋರವಾದ ತಿದ್ದುಪಡಿ ಕಾದಿದ್ದುದು ಹಾಲಿವುಡ್ಡಿನಲ್ಲಿ. 1942ರಲ್ಲಿ ‘ದಿ ಮ್ಯಾಗ್ನಿಫಿಸೆಂಟ್ ಆಂಬರ್ಸನ್ಸ್’ ಚಿತ್ರವನ್ನು ಪೊಮೋನಾ ಎಂಬ ಊರಿನಲ್ಲಿ ಪ್ರೇಕ್ಷಕರಿಗೆ ತೋರಿಸಿ ಅಭಿಪ್ರಾಯ ಬರೆಸಿಕೊಂಡರು. ಮೆಚ್ಚಿದವರೂ ಇದ್ದರು, ಆದರೆ ಮೂದಲಿಸಿದವರ ಮಾತೇ ಆರ್‌ಕೆಓ ಸ್ಟುಡಿಯೋದ ಕಿವಿಗೆ ಬಿತ್ತು. ವೆಲ್ಸ್ ಆಗ ಇನ್ನೊಂದು ಚಿತ್ರಕ್ಕಾಗಿ ಬ್ರೆಜಿಲ್‌ನಲ್ಲಿದ್ದ. ಉದ್ದುದ್ದ ತಂತಿ ಸಂದೇಶಗಳನ್ನು ಕಳಿಸಿ ಬೇಡಿಕೊಂಡರೂ ನಲವತ್ತು ನಿಮಿಷಕ್ಕೂ ಮೀರಿದ ಭಾಗವನ್ನು ಕತ್ತರಿಸಿ, ಅಂತ್ಯವನ್ನು ಸುಖಮಯವಾಗಿ ಬದಲಿಸಿದರು. ತೆಗೆದ ಭಾಗಗಳನ್ನು ನಾಶಪಡಿಸಿದರು. ಅದೂ ಒಂದು ಬಗೆಯ ಪ್ರತಿಕ್ರಿಯೆಯೇ. ಆದರೆ ಕೃತಿ ಏನಾಗಲು ಹೊರಟಿದೆ ಎಂದು ಯಾರೂ ಕೇಳದ ಪ್ರತಿಕ್ರಿಯೆ.

ಸರಿಯಾದ ವಿಮರ್ಶೆ ಹೇಗಿರಬೇಕೆಂದು ವೆಲ್ಸ್ ತಾನೇ ಒಮ್ಮೆ ತೋರಿಸಿಕೊಟ್ಟ. ‘ಟಚ್ ಆಫ್ ಈವಿಲ್’ ಚಿತ್ರವನ್ನು ಯೂನಿವರ್ಸಲ್ ಸಂಸ್ಥೆ ತನ್ನಿಚ್ಛೆಯಂತೆ ಮರುಸಂಕಲನ ಮಾಡಿದಾಗ 1957ರ ಡಿಸೆಂಬರಿನಲ್ಲಿ 58 ಪುಟಗಳ ಟಿಪ್ಪಣಿ ಬರೆದ. ಅದರಲ್ಲಿ ಬೈಗುಳವಿಲ್ಲ. ಯಾವ ದೃಶ್ಯ ಎಲ್ಲಿ ಬರಬೇಕು, ಶಬ್ದ ಹೇಗಿರಬೇಕು, ಏಕೆ ಎಂಬುದನ್ನು ಒಂದೊಂದಾಗಿ, ಸೌಜನ್ಯದಿಂದ ವಿವರಿಸಿದ್ದ. ಅದರ ಬಹುಭಾಗವನ್ನು ಸಂಸ್ಥೆ ಕಡೆಗಣಿಸಿತು. ಆತ ತೀರಿಕೊಂಡು ಹದಿಮೂರು ವರ್ಷಗಳಾದ ಮೇಲೆ, 1998ರಲ್ಲಿ, ವಾಲ್ಟರ್ ಮರ್ಚ್ ಎಂಬ ಸಂಕಲನಕಾರ ಆ ಟಿಪ್ಪಣಿಯನ್ನೇ ಹಿಡಿದು ಚಿತ್ರವನ್ನು ಮತ್ತೆ ಜೋಡಿಸಿದ. ಕಾರಣಸಹಿತವಾದ ಮಾತು ನಲವತ್ತು ವರ್ಷ ಕಾದಿದ್ದು ಕೆಲಸಕ್ಕೆ ಬಂತು.

ಈಗ ಬಟಾಣಿಗೆ ಬರೋಣ. ಸ್ವಂತ ಚಿತ್ರಗಳಿಗೆ ಹಣ ಹೊಂದಿಸಲು ಕಂಠವನ್ನು ಬಾಡಿಗೆಗೆ ಕೊಡುವುದು ವೆಲ್ಸ್‌ಗೆ ಅನಿವಾರ್ಯವಾಗಿತ್ತು. ‘ಒಥೆಲೊ’ ಚಿತ್ರೀಕರಣ ಹಣವಿಲ್ಲದೆ ನಿಂತು ನಿಂತು ಮೂರು ವರ್ಷ ಎಳೆದಿತ್ತು. ಆ ದಿನ ಸ್ಟುಡಿಯೋದಲ್ಲಿ ಲಿಂಕನ್‌ಶೈರಿನ ಬಟಾಣಿ, ನಾರ್ವೆಯ ಮೀನು ಮತ್ತು ಅಮೆರಿಕದ ದನದ ಮಾಂಸದ ಗುಣಗಾನವನ್ನು ಆತ ಓದಬೇಕಿತ್ತು. ಜುಲೈ ತಿಂಗಳಿನಲ್ಲಿ ಎಂಬರ್ಥದ ಮಾತಿನಲ್ಲಿ ‘ಇನ್’ ಎಂಬ ಪುಟ್ಟ ಪದದ ಮೇಲೆ ಒತ್ತು ಹಾಕಲು ಆತನಿಗೆ ಹೇಳಿದರು. ಕನ್ನಡದಲ್ಲಾದರೆ ‘ಜುಲೈನಲ್ಲಿ’ ಎಂಬಲ್ಲಿ ತಿಂಗಳನ್ನು ಬಿಟ್ಟು ವಿಭಕ್ತಿ ಪ್ರತ್ಯಯವನ್ನು ಎತ್ತಿ ಹೇಳಿದಂತೆ. ಹಾಗೆ ವಾಕ್ಯ ಆರಂಭಿಸುವುದು ಆ ಭಾಷೆಯ ಜಾಯಮಾನವೇ ಅಲ್ಲವೆಂದು ಆತ ವಾದಿಸಿದ. ಇಬ್ಬರು ಏಕಕಾಲಕ್ಕೆ ಸೂಚನೆ ಕೊಡುವುದನ್ನು ಆಕ್ಷೇಪಿಸಿದ. ಕೊನೆಗೆ ಎಷ್ಟು ಹಣ ಕೊಟ್ಟರೂ ಇದು ಬೇಡವೆಂದು ಕೈಬಿಟ್ಟು ನಡೆದ.

ಭಾಷೆಯ ವಿಷಯದಲ್ಲಿ ವೆಲ್ಸ್ ಹೇಳಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಸೂಚನೆ ಕೊಟ್ಟವರು ಕಾರಣ ಕೊಡಲಿಲ್ಲ. ಆದರೆ ಕೇಳಿಸಿಕೊಳ್ಳುವ ತಾಳ್ಮೆ ಆತನಲ್ಲಿಯೂ ಉಳಿದಿರಲಿಲ್ಲ. 58 ಪುಟಗಳ ಸೌಜನ್ಯವನ್ನು ಬರೆದ ಮನುಷ್ಯನೇ ಎದುರಿಗಿದ್ದವರ ಯೋಗ್ಯತೆಯನ್ನು ಮಾತಿನಲ್ಲಿಯೇ ಚುಚ್ಚಿದ. ದಶಕಗಳ ಕಾಲ ಅಧಿಕಾರದಿಂದ ಬಂದ ತಿದ್ದುಪಡಿಗಳನ್ನೇ ಉಂಡವನಿಗೆ ಕಸುಬಿನಿಂದ ಬರುವ ತಿದ್ದುಪಡಿಯೂ ಕಹಿಯಾಗಿ ಕಾಣುವುದು ಸಹಜವಿರಬಹುದು. ಆ ಟೇಪಿನಲ್ಲಿ ನನಗೆ ಕೇಳಿಸುವ ನಷ್ಟ ಇದೇ.

1985ರ ಅಕ್ಟೋಬರ್ 10ರಂದು, ಎಪ್ಪತ್ತನೆಯ ವಯಸ್ಸಿನಲ್ಲಿ, ವೆಲ್ಸ್ ಹಾಲಿವುಡ್ಡಿನ ತನ್ನ ಮನೆಯಲ್ಲಿ ಕೊನೆಯುಸಿರೆಳೆದ. ಮುಗಿಸಲಾಗದೆ ಬಿಟ್ಟುಹೋದ ‘ದಿ ಅದರ್ ಸೈಡ್ ಆಫ್ ದಿ ವಿಂಡ್’ 2018ರಲ್ಲಿ ಇತರರ ಕೈಯಲ್ಲಿ ಪೂರ್ಣಗೊಂಡಿತು. ನಮ್ಮ ಕಚೇರಿಗಳಲ್ಲಿ, ಪತ್ರಿಕಾಲಯಗಳಲ್ಲಿ, ರಂಗತಾಲೀಮುಗಳಲ್ಲಿ ಒಬ್ಬರ ಕೆಲಸದ ಬಗ್ಗೆ ಇನ್ನೊಬ್ಬರು ಅಭಿಪ್ರಾಯ ಹೇಳುವುದು ದಿನನಿತ್ಯದ ಸಂಗತಿ. ಹೇಳುವವರು ಕಾರಣವನ್ನೂ ಹೇಳಿದರೆ, ಕೇಳುವವರು ಕಾರಣವನ್ನಾದರೂ ಕೇಳಿದರೆ, ಸಪ್ಪೆಯೆನಿಸಿದ ಹಸ್ತಪ್ರತಿ ಭಾನುವಾರದ ಹೊತ್ತಿಗೆ ಇನ್ನೇನೋ ಆಗಿರಬಲ್ಲದು. ಅದನ್ನು 1938ರ ಆ ಮೂರು ದಿನಗಳಲ್ಲಿ ಮಾಡಿ ತೋರಿಸಿದವರಲ್ಲಿ ವೆಲ್ಸ್ ಕೂಡ ಒಬ್ಬ.