ಕನ್ನಡಕ್ಕೆ ಕಥೆ, ಮರಾಠಿಗೆ ಸಮಸ್ಯೆ: ಶಂಬಾ ಜೋಶಿ

ಕನ್ನಡ ನಾಡಿನ ವಿದ್ವಾಂಸರನ್ನು ನೆನೆಯುವಾಗ ಮೊದಲ ಸಾಲಿನಲ್ಲಿ ನಿಲ್ಲುವ ಹೆಸರು ಶಂಬಾ ಜೋಶಿಯವರದು. ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ 1896ರ ಜನವರಿ 4ರಂದು ಜನಿಸಿದ ಶಂಕರ ಬಾಳದೀಕ್ಷಿತ ಜೋಶಿಯವರು ಬಾಲ್ಯದ ಕೆಲ ವರ್ಷಗಳನ್ನು ಪುಣೆಯಲ್ಲಿ ಕಳೆದರು. ತಿಲಕರ ಪ್ರಭಾವಕ್ಕೆ ಒಳಗಾದದ್ದೂ, ಮರಾಠಿ ಕರಗತವಾದದ್ದೂ ಅಲ್ಲಿಯೇ. ಮುಂದೆ ಧಾರವಾಡದಲ್ಲಿ ಶಾಲಾ ಮಾಸ್ತರರಾದರು. ವಿಶ್ವವಿದ್ಯಾಲಯದ ಪದವಿ ಅವರಿಗಿರಲಿಲ್ಲ.

ಪದವಿಯಿಲ್ಲದ ಮಾಸ್ತರರೊಬ್ಬರು ಭಾಷಾಶಾಸ್ತ್ರ, ಇತಿಹಾಸಗಳಲ್ಲಿ ಹೊಸ ಸಿದ್ಧಾಂತ ಮಂಡಿಸಿದರೆ ಕೇಳುವವರಾರು? ಶಂಬಾ ಅವರ ಬರವಣಿಗೆಯ ಹಿಂದೆ ಈ ಪ್ರಶ್ನೆ ಸದಾ ಇದ್ದಂತೆ ತೋರುತ್ತದೆ. 'ಕಂನುಡಿಯ ಹುಟ್ಟು' ಕೃತಿಯಲ್ಲಿ ಅವರು ನುಡಿಯ ಮೂಲವನ್ನು ಆ ನುಡಿಯನ್ನಾಡಿದ ಜನಾಂಗದಲ್ಲಿ ಹುಡುಕಿದರು. ಇದು ಪಂಡಿತರ ವಿಷಯ. ಆದರೆ ನಾಡಿನ ಹರವನ್ನು ಸಾಮಾನ್ಯ ಓದುಗನಿಗೆ ತಿಳಿಸಹೊರಟಾಗ ಅವರು ಶಾಸನ, ವ್ಯಾಕರಣಗಳಿಗಿಂತ ಊರ ಹೆಸರುಗಳನ್ನು ಮುಂದಿಟ್ಟರು. 'ಎಡೆಗಳು ಹೇಳುವ ಕಂನಾಡ ಕಥೆ' ಹುಟ್ಟಿದ್ದು ಹೀಗೆ. ತಾನು ದಿನವೂ ಉಚ್ಚರಿಸುವ ಊರ ಹೆಸರಿನ ಕೊನೆಯಲ್ಲಿರುವ ಹಟ್ಟಿ, ಪಟ್ಟಿ, ಊರುಗಳೇ ಇತಿಹಾಸದ ಸಾಕ್ಷಿ ಎಂದರೆ ಯಾವ ಓದುಗನಾದರೂ ಕಿವಿಗೊಡದೆ ಇರಲಾರ. ಪ್ರಾಂತಗಳು ಹಂಚಿಹೋಗಿದ್ದ, ಏಕೀಕರಣದ ಹಂಬಲ ತುಂಬಿದ್ದ ಆ ದಿನಗಳಲ್ಲಿ ಇದು ಬರಿಯ ವಿದ್ವತ್ತಿನ ಮಾತಾಗಿರಲಿಲ್ಲ.

ಅದೇ ಚಿಂತನೆಯನ್ನು ಮರಾಠಿ ವಿದ್ವಾಂಸರ ಮುಂದಿಡುವುದು ಬೇರೆಯೇ ಕೆಲಸ. ಮಹಾರಾಷ್ಟ್ರದ ಮೂಲ ಜನರಲ್ಲಿ ಕನ್ನಡದ ಪಶುಪಾಲಕರಾದ ಹಟ್ಟಿಕಾರರು ಇದ್ದರೆಂದೂ, 'ಮರಹಟ್ಟ' ಶಬ್ದದಲ್ಲಿಯೇ ಹಟ್ಟಿಯ ಗುರುತು ಉಳಿದಿದೆಯೆಂದೂ ಅವರ ವಾದ. ಗಡಿಯ ಬಿಸಿ ಏರುತ್ತಿದ್ದ ಕಾಲದಲ್ಲಿ ಇದನ್ನು ಕನ್ನಡದಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭವಿತ್ತು. ಶಂಬಾ ಅವರು ಮರಾಠಿಯಲ್ಲಿಯೇ ಗ್ರಂಥ ಬರೆದರು. 'ಮರ್ಹಾಟೀ ಸಂಸ್ಕೃತಿ: ಕಾಹೀ ಸಮಸ್ಯಾ' ಎಂದು ಹೆಸರಿಟ್ಟರು. ಕನ್ನಡಿಗರಿಗೆ ಕಥೆಯಾಗಿ ಒದಗಿದ್ದು ಮರಾಠಿಗರ ಮುಂದೆ ಸಮಸ್ಯೆಯಾಗಿ ನಿಂತಿತು. ವಾದವನ್ನು ಒಪ್ಪದವನೂ ಸಮಸ್ಯೆಯೊಂದನ್ನು ಕೈಗೆತ್ತಿಕೊಳ್ಳಬಲ್ಲ! ಈ ಎಚ್ಚರ ಎಷ್ಟು ಮಂದಿ ಸಂಶೋಧಕರಲ್ಲಿದೆ?

'ಹಾಲುಮತ ದರ್ಶನ'ದಲ್ಲಿ ಅವರು ಕುರುಬ ಸಮುದಾಯದ ಸಂಸ್ಕೃತಿಯನ್ನು ಸಂಶೋಧನೆಯ ಕೇಂದ್ರಕ್ಕೆ ತಂದರು. 'ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ'ಗೆ 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. 1981ರಲ್ಲಿ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪದವಿಯೂ ಅರಸಿ ಬಂದಿತು.

ಆದರೆ ಹೇಳಲೇಬೇಕಾದ ಮಾತೊಂದಿದೆ. ವೇದ, ಪುರಾಣಗಳ ಪ್ರತೀಕಗಳನ್ನು ಬಿಡಿಸತೊಡಗಿದ ಮೇಲೆ ಅವರ ಗದ್ಯ ಬಿಗಿದುಕೊಂಡಿತು. ಶಬ್ದದೊಳಗೊಂದು ಶಬ್ದ, ಅದರ ವ್ಯುತ್ಪತ್ತಿಯೊಳಗೆ ಮತ್ತೊಂದು ಕಥೆ. ಊರ ಹೆಸರು ಹಿಡಿದು ಬಂದ ಓದುಗ ನಡುದಾರಿಯಲ್ಲಿ ನಿಂತುಬಿಟ್ಟ. ಶಂಬಾ ಕ್ಲಿಷ್ಟ ಎಂಬ ಮಾತು ಹಬ್ಬಿತು. ಅದು ಪೂರ್ತಿ ಸುಳ್ಳೂ ಅಲ್ಲ.

ಶಂಬಾ ಅವರು 1991ರಲ್ಲಿ ತೀರಿಕೊಂಡರು. ಅವರ ಕೃತಿಗಳು ಮಲ್ಲೇಪುರಂ ಜಿ. ವೆಂಕಟೇಶರ ಸಂಪಾದಕತ್ವದಲ್ಲಿ ಸಂಪುಟಗಳಾಗಿ ಬಂದಿವೆ. ಹೊಸದಾಗಿ ಓದಲು ಹೊರಟವರು ಪ್ರತೀಕಗಳ ಚರ್ಚೆಯಿಂದಲ್ಲ, ಎಡೆಗಳ ಕಥೆಯಿಂದ ಆರಂಭಿಸುವುದು ಒಳಿತು.