ಬೀಳುವ ನೀರಿಗೆ ಕೆಲಸ ಕೊಟ್ಟ ದಿವಾನರು

ನಮ್ಮ ಕೊಳ್ಳೇಗಾಲದ ಹತ್ತಿರ ಇರುವ ಶಿವನಸಮುದ್ರವನ್ನು ನೀವೆಲ್ಲ ನೋಡಿರ್ತೀರಿ. ಅಲ್ಲಿ ಬೀಳುವ ಕಾವೇರಿಯಿಂದ ಕರೆಂಟು ತೆಗೆಸಿದವರು ಸರ್ ಕೆ. ಶೇಷಾದ್ರಿ ಅಯ್ಯರ್.

ಇವರು 1845ರಲ್ಲಿ ಪಾಲಕ್ಕಾಡಿನ ಕಡೆ ಹುಟ್ಟಿದರು. ಚೆನ್ನಾಗಿ ಓದಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದರು. 1883ರಲ್ಲಿ ದಿವಾನರಾಗಿ 18 ವರ್ಷ ಇದ್ದರು.

ನಿಂತ ವಸ್ತು ಚಲಿಸಬೇಕಾದರೆ ಬಲ ಬೇಕು ಎಂದು ನಾವು ಪಾಠದಲ್ಲಿ ಓದಿದ್ದೇವೆ. ಪಂಪ್‌ಸೆಟ್ ನೀರಿಗೆ ಕೈ ಒಡ್ಡಿದರೆ ಕೈ ಹಿಂದಕ್ಕೆ ಹೋಗುತ್ತೆ. ಅದೇ ಬಲ. ಭೂಮಿ ನೀರನ್ನು ಕೆಳಕ್ಕೆ ಎಳೆಯುತ್ತದೆ. ಎತ್ತರದಿಂದ ಬಿದ್ದಷ್ಟೂ ಏಟು ಜೋರು. ಹೊಳೆಯ ಆಚೆ ಮಳವಳ್ಳಿ ಕಡೆ, ಕಾಲುವೆಯ ನೀರನ್ನು ಕಬ್ಬಿಣದ ಕೊಳವೆಗಳಲ್ಲಿ ಸುಮಾರು 400 ಅಡಿ ಕೆಳಗಿಳಿಸಿ ಚಕ್ರಗಳಿಗೆ ಬಡಿಯುವಂತೆ ಮಾಡಿದರು. ಚಕ್ರದ ಜೊತೆ ಜನರೇಟರ್ ತಿರುಗಿ ಕರೆಂಟು ಬರುತ್ತದೆ.

ಇಂಜಿನಿಯರ್ ಲೋಟ್ಬಿನಿಯರ್ ಈ ಯೋಜನೆ ತಂದಾಗ ದಿವಾನರು ಧೈರ್ಯವಾಗಿ ಒಪ್ಪಿ ಕೆಲಸ ಶುರು ಮಾಡಿಸಿದರು. ಆದರೆ 1901ರಲ್ಲಿ ತೀರಿಕೊಂಡರು. 1902ರಲ್ಲಿ ಕರೆಂಟು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಅದನ್ನು ನೋಡೋಕೆ ಅವರಿರಲಿಲ್ಲ.

ಗೆಳೆಯರೇ, ಮುಂದಿನ ಸಲ ಭರಚುಕ್ಕಿಗೆ ಹೋದಾಗ ಅವರನ್ನೂ ಒಮ್ಮೆ ನೆನೆಯೋಣ.